ಹೊಲಿಗೆಯೊಳಗೆ ಬಿಟ್ಟ ಬಟ್ಟೆ

ಕಾಕಿಯ ತುಟಿಗಳ ನಡುವೆ ಯಾವಾಗಲೂ ಗುಂಡುಪಿನ್ನುಗಳಿರುತ್ತಿದ್ದವು. ಅವನ್ನು ಕಚ್ಚಿಕೊಂಡೇ ಗಿರಾಕಿಗಳಿಗೆ ಬೈಯುತ್ತಿದ್ದಳು, ನಗುತ್ತಿದ್ದಳು, ಅಳತೆ ಹೇಳುತ್ತಿದ್ದಳು. ಶಹಾಬಾದಿನ ನಮ್ಮ ಓಣಿಯ ಹೆಂಗಸರ ಕುಬಸಗಳನ್ನೆಲ್ಲ ಹೊಲಿಯುತ್ತಿದ್ದವಳು ಅವಳೇ. ರಕ್ತಸಂಬಂಧವೇನಿಲ್ಲ, ಪಕ್ಕದ ಮನೆಯವಳು. ನಾನು ಗಂಡಲ್ಲ, ಹೆಣ್ಣು ಎಂದು ಹೇಳಿದ ದಿನ ಅಪ್ಪ ನನ್ನನ್ನು ಹೊರಗೆ ಹಾಕಿದರು. ಕಾಕಿ ತನ್ನ ಮಷಿನ್ನಿನ ಪಕ್ಕ ಚಾಪೆ ಹಾಸಿದಳು. ಅಂದಿನಿಂದ ನನ್ನನ್ನು ಕರೆದದ್ದು ಮಗಳೇ ಎಂದು.

ಗೆಳತಿಯೊಬ್ಬಳ ಮಾತು ನಂಬಿ ನಾನು ಔಷಧಿ ಅಂಗಡಿಯಿಂದ ಹಾರ್ಮೋನ್ ಮಾತ್ರೆ ತಂದು ನುಂಗತೊಡಗಿದ್ದೆ. ಕೆಲವು ತಿಂಗಳಿಗೆ ಎದೆಯ ತೊಟ್ಟಿನ ಕೆಳಗೆ ಗಂಟಾಯಿತು. ಬಟ್ಟೆ ತಾಕಿದರೂ ನೋವು. ಇದು ಬೆಳವಣಿಗೆಯೋ ರೋಗವೋ ತಿಳಿಯದೆ ಹೆದರಿದೆ. ಗೆಳತಿಯೋ, ಎರಡೆರಡು ನುಂಗಿದರೆ ಬೇಗ ತುಂಬಿಕೊಳ್ಳುತ್ತದೆ ಎಂದಿದ್ದಳು. ನಮ್ಮೂರಿನವರ ಕಣ್ಣಿಗೆ ಬೀಳುವುದು ಬೇಡವೆಂದು ಕಾಕಿ ನನ್ನನ್ನು ಸೇಡಂನ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದಳು.

ಈ ಗಂಟು ಏನೆಂದು ನಾನು ಕೇಳಿದರೆ, ಆತ ಅಂಗಿ ಬಿಚ್ಚಿಸಿ, ಕಾಂಪೌಂಡರನನ್ನು ಕರೆದು ತೋರಿಸಿದ. ಇಬ್ಬರೂ ನಕ್ಕರು. ಇದೆಲ್ಲ ಬಿಟ್ಟು ಮದುವೆಯಾದರೆ ಸರಿಹೋಗುತ್ತದೆ ಎಂದು ಉಪದೇಶ ಬೇರೆ. ಇಂದಿಗೂ ನೆನೆದರೆ ಮೈ ಉರಿಯುತ್ತದೆ. ಕಾಲು ಮುರಿದುಕೊಂಡು ಬಂದವನನ್ನು ಹೀಗೆ ನಾಲ್ಕು ಜನಕ್ಕೆ ತೋರಿಸಿ ನಗುತ್ತಾರೆಯೇ?

ಕಾಕಿ ಎದ್ದು ನಿಂತಳು. "ಆಕಿ ಕೇಳಿದ್ದಕ್ಕ ಜವಾಬು ಕೊಡ್ರಿ ಸಾಹೇಬ್ರ. ಮದುವಿ ಮಾತು ನಿಮಗ ಯಾರು ಕೇಳ್ಯಾರ?"

ಇದರ ಬಗ್ಗೆ ತನಗೆ ಗೊತ್ತಿಲ್ಲ ಎಂದ ಡಾಕ್ಟರ. ಗೊತ್ತಿಲ್ಲದಿರುವುದು ತಪ್ಪಲ್ಲ. ಅದನ್ನು ಹೇಳಲು ನನ್ನ ಅಂಗಿ ಬಿಚ್ಚಿಸಬೇಕಿತ್ತೇ?

ಕೊನೆಗೆ ಉತ್ತರ ಸಿಕ್ಕಿದ್ದು ಕಲಬುರಗಿಯ ಡಾಕ್ಟರಮ್ಮನಿಂದ. ಆಕೆ ರಕ್ತ ಪರೀಕ್ಷೆ ಮಾಡಿಸಿ, ಎದುರು ಕೂರಿಸಿಕೊಂಡು ಹೇಳಿದರು. ಗಂಟು, ನೋವು ಬೆಳವಣಿಗೆಯ ಶುರು. ಪೂರ್ತಿಯಾಗಲು ಎರಡು ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಎಷ್ಟು ಬೆಳೆಯುತ್ತದೆ ಎಂಬುದು ಒಬ್ಬೊಬ್ಬರ ಮೈಗೆ ಬಿಟ್ಟದ್ದು. ಹೆಚ್ಚು ನುಂಗಿದರೆ ಬೇಗ ಬರುವುದಿಲ್ಲ, ರಕ್ತ ಹೆಪ್ಪುಗಟ್ಟಿ ಜೀವಕ್ಕೇ ಕುತ್ತು ಬರಬಹುದು. ಅಂಗಡಿಯ ಮಾತ್ರೆ ಬಿಡಿಸಿ, ನನ್ನ ಮೈಗೆ ಹೊಂದುವ ಔಷಧಿ ಬರೆದುಕೊಟ್ಟರು. ಇಷ್ಟೇ ಮಾತಿಗೆ ನಾವು ಅಷ್ಟು ಅಲೆದಿದ್ದೆವು.

ಮನೆಗೆ ಬಂದವಳೇ ಕಾಕಿ ನನ್ನ ಅಳತೆ ತೆಗೆದು ಹಸಿರು ಬಟ್ಟೆಯಲ್ಲಿ ಕುಬಸ ಕತ್ತರಿಸಿದಳು. ಮೈನೆರೆಯುವ ಹುಡುಗಿಯರ ಕುಬಸಕ್ಕೆ ಪಕ್ಕದ ಹೊಲಿಗೆಯೊಳಗೆ ಎರಡು ಬೆರಳು ಬಟ್ಟೆ ಮಡಚಿ ಬಿಡುವುದು ಅವಳ ಪದ್ಧತಿ. ಮೈ ತುಂಬಿದಂತೆ ಹೊಲಿಗೆ ಬಿಚ್ಚಿ ದೊಡ್ಡದು ಮಾಡುತ್ತಿದ್ದಳು. ನನ್ನದಕ್ಕೂ ಹಾಗೇ ಬಿಟ್ಟಳು.

"ಬೆಳಿಯೋ ಹುಡುಗಿ ಇದ್ದಿ ನೀ. ಗಡಿಬಿಡಿ ಮಾಡಬ್ಯಾಡ, ಅರಿವಿ ಒಳಗ ಬಿಟ್ಟೀನಿ."

ಹೋದ ವರ್ಷ ಕಾಕಿ ತೀರಿಕೊಂಡಳು. ಕೊನೆಯ ಸ್ನಾನ ಮಾಡಿಸಲು ಹೆಂಗಸರು ಒಳಗೆ ಹೋದಾಗ ನಾನೂ ಹೊರಟೆ. ಚಿತ್ತಾಪುರದಿಂದ ಬಂದಿದ್ದ ಅವಳ ತಮ್ಮ ಹೊಸ್ತಿಲಲ್ಲೇ ತಡೆದು, ಗಂಡಸರ ಕಡೆ ಹೋಗಿ ನಿಲ್ಲು ಎಂದ. ಅವಳು ಮಲಗಿದಲ್ಲೇ ಬಿದ್ದಿದ್ದ ತಿಂಗಳುಗಳಲ್ಲಿ ಅವಳ ಮೈಗೆ ನೀರು ಹಾಕಿದವಳು ನಾನು. ಆಗ ಈ ತಮ್ಮ ಎಲ್ಲಿದ್ದ? ನಾನು ಗಂಡಸರ ಕಡೆ ಹೋಗಲಿಲ್ಲ, ಆತ ಒಳಗೂ ಬಿಡಲಿಲ್ಲ. ಹೆಣ ಹೊರಗೆ ಬರುವತನಕ ಹೊಸ್ತಿಲಿನಲ್ಲೇ ನಿಂತಿದ್ದೆ.

ಮೊನ್ನೆ ಆ ಹಸಿರು ಕುಬಸ ಎದೆಗೆ ಬಿಗಿಯಾಯಿತು. ಕಾಕಿಯ ಮಷಿನ್ನಿನ ಮುಂದೆ ಕುಳಿತು ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗಿದ್ದ ಬಟ್ಟೆಯ ಬಣ್ಣ ಮಾಸಿರಲಿಲ್ಲ. ತುಟಿಗಳ ನಡುವೆ ಗುಂಡುಪಿನ್ನು ಕಚ್ಚಿಕೊಂಡು, ಆ ಡಾಕ್ಟರನನ್ನೂ ಆ ತಮ್ಮನನ್ನೂ ಬಾಯ್ತುಂಬ ಬೈಯುತ್ತ, ಅವಳು ಬಿಟ್ಟಿದ್ದ ಅಂಚಿಗೆ ಹೊಸ ಹೊಲಿಗೆ ಹಾಕಿದೆ.