ಅಂಗಾರನ ಎಡಗೈ

ಉಚ್ಚಿಲದ ಅಂಗಾರ ಎಡಗೈಯಲ್ಲಿ ಬಲೆ ಹೆಣೆಯುತ್ತಿದ್ದ. ಅನ್ನ ಮಾತ್ರ ಬಲಗೈಯಲ್ಲಿ. ಅದಕ್ಕಾಗಿ ತಾಯಿ ಕೊಟ್ಟ ಪೆಟ್ಟುಗಳನ್ನು ನಗುತ್ತಲೇ ಹೇಳುತ್ತಿದ್ದ. ಅವನ ಗಂಟು ಉಳಿದವರದಕ್ಕೆ ತಿರುಗಾಮುರುಗಾ ಬೀಳುತ್ತಿತ್ತು. ಹಾಗಾಗಿ ಅವನು ಹೆಣೆದ ಬಲೆ ಹರಿದರೆ ಅವನನ್ನೇ ಕರೆಯಬೇಕು.

ಮಧ್ಯಾಹ್ನ ಅವನ ಪಕ್ಕ ಕೂತು ಪೇಪರು ಓದಿ ಹೇಳುವುದು ಒಣಮೀನಿನ ವ್ಯಾಪಾರಿ ಅಲಿಯಬ್ಬ ಬ್ಯಾರಿಯ ಇಪ್ಪತ್ತು ವರ್ಷಗಳ ರೂಢಿ. ಎಂಬತ್ತೆಂಟನೇ ಇಸವಿಯಲ್ಲಿ ಒಂದು ದಿನ ಮೂಲೆಯಲ್ಲಿ ನಾಲ್ಕು ಸಾಲಿನ ಸುದ್ದಿಯಿತ್ತು: ಎಡಗೈಯವರ ಆಯುಸ್ಸು ಕಡಿಮೆಯೆಂದು ವಿದೇಶದ ವಿದ್ವಾಂಸರ ಅನುಮಾನ, ಮುದುಕರಲ್ಲಿ ಅಂಥವರು ಸಿಗುವುದೇ ಅಪರೂಪವಂತೆ. ಕಿಚಾಯಿಸಲೆಂದೇ ಅಲಿಯಬ್ಬ ಅದನ್ನು ಎರಡು ಸಲ ಓದಿದ.

"ನಿನ್ನದು ಬೇಗ ಉಂಟು ಮಾರಾಯ."

"ಆಮೇಲೆ ಬಲೆಗೆ ನೀನೇ ಗಂಟು ಹಾಕು ಬ್ಯಾರಿ," ಎಂದ ಅಂಗಾರ.

ಮಳೆಗಾಲ ಮುಗಿಯುವಷ್ಟರಲ್ಲಿ ಅವನ ಕಣ್ಣು ಹಳದಿಯಾಯಿತು, ಹೊಟ್ಟೆ ಊದಿತು. ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಡಾಕ್ಟರು ಯಕೃತ್ತು ಕೆಟ್ಟಿದೆ ಎಂದರು. ಅಂಗಾರ ನಂಬಲಿಲ್ಲ. ಹೆಂಡತಿ ಸರಸಳಿಂದ ನೂಲು ತರಿಸಿ, ಮಂಚದ ಸರಳಿಗೆ ಬಲಗೈಯಲ್ಲಿ ಗಂಟು ಹಾಕುವ ಅಭ್ಯಾಸಕ್ಕೆ ತೊಡಗಿದ.

"ಡಾಕ್ಟರು ಹೇಳಿದ್ದು ಕೇಳಿದೆಯಲ್ಲ?" ಎಂದ ಅಲಿಯಬ್ಬ.

"ಓದಿದ್ದು ನೀನೇ ಅಲ್ವಾ? ಒಬ್ಬ ಎಡಗೈ ಮುದುಕನನ್ನು ತೋರಿಸು, ನೂಲು ಬಿಸಾಡ್ತೇನೆ."

ಅಲಿಯಬ್ಬ ಅಂಗಡಿ ಮುಚ್ಚಿ ಹುಡುಕಿದ. ಕಾಪು, ಶಿರ್ವ ಎಲ್ಲ ಸುತ್ತಿದರೂ ಒಬ್ಬರೂ ಸಿಗಲಿಲ್ಲ. ನಾಲ್ಕನೆಯ ದಿನ ಉದ್ಯಾವರದಲ್ಲಿ ಸೋದರತ್ತೆ ಕುಂಞಿಪಾತುಮ್ಮನ ಮನೆಗೆ ಹೋದ. ಮೀನಿಗೆ ಬಾಯಿ ಹಾಕಿದ ಬೆಕ್ಕಿಗೆ ಮುದುಕಿ ಚಪ್ಪಲಿ ಎಸೆದಳು. ಎಡಗೈಯಲ್ಲಿ.

"ನಿಮ್ಮದು ಎಡಗೈಯಾ ಮಾಮಿ?"

"ಆಗಿತ್ತು ಮಗಾ. ಉಮ್ಮ ಬರೆ ಹಾಕಿದ ಮೇಲೆ ಬಿಟ್ಟೆ. ಆ ಕಾಲದಲ್ಲಿ ಯಾರನ್ನು ಬಿಡುತ್ತಿದ್ದರು?"

ಎಡಗೈ ಮುದುಕರು ಸತ್ತಿರಲಿಲ್ಲ, ಬಲಗೈಯವರಾಗಿ ಊರ ತುಂಬ ಕೂತಿದ್ದರು. ಅಲಿಯಬ್ಬ ಬಸ್ಸಿಳಿದವನು ವಾರ್ಡಿನವರೆಗೆ ಓಡಿದ.

ಅಂಗಾರ ಪೂರ್ತಿ ಕೇಳಿಸಿಕೊಂಡ.

"ಅವರಿಗೆ ಪ್ರಾಯ ಎಷ್ಟು?"

"ಎಂಬತ್ತಮೂರು."

"ಬಲಗೈಗೆ ಬಂದದ್ದಕ್ಕೆ ಬದುಕಿದರು, ಅಲ್ವಾ?" ಅವನು ಮತ್ತೆ ನೂಲು ಎತ್ತಿಕೊಂಡ. "ನನ್ನ ಅಮ್ಮ ಹೊಡೆದದ್ದು ಸಾಲಲಿಲ್ಲ ಮಾರಾಯ."

ಹಾಗಲ್ಲ ಎಂದು ಅಲಿಯಬ್ಬನಿಗೆ ಗೊತ್ತಿತ್ತು. ಆದರೂ ನೂಲಿನ ತುದಿ ಹಿಡಿದು ಕೂತ.

ಐದನೆಯ ದಿನ ಅಂಗಾರ ತೀರಿಕೊಂಡ. ಮಂಚದ ಸರಳಿನಲ್ಲಿ ಹನ್ನೊಂದು ಗಂಟುಗಳಿದ್ದವು. ಒಂದೂ ಬಿಗಿದಿರಲಿಲ್ಲ, ಸರಸ ನೂಲು ಎಳೆದದ್ದೇ ಎಲ್ಲ ಬಿಚ್ಚಿಕೊಂಡವು.