ದ್ವೀಪದವಳ ದವಡೆ

ಚುಂಚನಕಟ್ಟೆಯ ಮಲ್ಲಾಜಮ್ಮನ ಬಾಯಿ ಎಂಥದ್ದು ಅಂದರೆ, ಅವಳು ಹಿತ್ತಿಲಲ್ಲಿ ನಿಂತು ಕೋಳಿ ಕರೆದರೆ ನಾಲೆಯಾಚೆ ನಾಟಿ ಹಾಕುತ್ತಿದ್ದವರು ಸೊಂಟ ನೆಟ್ಟಗೆ ಮಾಡಿ ತಿರುಗಿ ನೋಡುತ್ತಿದ್ದರು. ಇಂಥವಳ ಹೊಟ್ಟೆಯಲ್ಲಿ ಬಾಯಿ ತೆರೆಯಲಾಗದ ಮಗಳು ಹುಟ್ಟಿದಳಲ್ಲ ಎಂದು ಊರವರು ಲೊಚಗುಟ್ಟುತ್ತಿದ್ದರು. ಅದು ಅರ್ಧ ಸುಳ್ಳು. ಪುಟ್ಟಿ ಎಲ್ಲ ಮಕ್ಕಳ ಹಾಗೇ ಮನೆ ಕಿತ್ತು ಹೋಗುವಂತೆ ಅಳುತ್ತ ಹುಟ್ಟಿದವಳು. ಮೂರು ವರ್ಷದವಳಿದ್ದಾಗ ಜಗಲಿಯಿಂದ ಮುಗ್ಗರಿಸಿ ಗದ್ದ ಊರಿ ಬಿದ್ದಳು. ರಕ್ತ ಬಂತು, ಅರಿಶಿನ ಒತ್ತಿದರು, ಗಾಯ ಮಾಯಿತು. ಕಿವಿಯ ಮುಂದೆ, ದವಡೆಯ ಕೀಲಿನಲ್ಲಿ, ಒಳಗೊಳಗೇ ಏನಾಗುತ್ತಿದೆ ಅಂತ ಯಾರಿಗೆ ಗೊತ್ತು? ಮುಂದಿನ ಸುಗ್ಗಿಯ ಹೊತ್ತಿಗೆ ಬಾಯೊಳಗೆ ಒಂದು ಬೆರಳು ಹೋದರೆ ಹೆಚ್ಚು ಅನ್ನುವಂತಾಯಿತು. ಅದರ ಮುಂದಿನ ಸುಗ್ಗಿಗೆ ಅದೂ ಇಲ್ಲ. ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಬೀಗ ಜಡಿದ ಹಾಗೆ ಕೂತುಬಿಟ್ಟವು.

ಅಲ್ಲಿಂದ ಶುರುವಾಯಿತು ನೋಡಿ ಮಲ್ಲಾಜಮ್ಮನ ಅರೆಯುವ ಕೆಲಸ. ಅನ್ನ ಅರೆದಳು, ಸೊಪ್ಪು ಅರೆದಳು, ಹಬ್ಬದ ದಿನ ಕೋಳಿ ಬಾಡನ್ನೂ ಬಿಡದೆ ಒರಳಿಗೆ ಹಾಕಿ ನುಣ್ಣಗೆ ಅರೆದಳು. ಅದನ್ನು ಬೆರಳಿನಿಂದ ಮಗಳ ಕೆನ್ನೆಯೊಳಗೆ ಸವರುವುದು, ಹಲ್ಲಿನ ಸಂದಿಯಿಂದ ಅವಳು ಹೀರಿಕೊಳ್ಳುವುದು. ಈ ಕೆಲಸಕ್ಕೆ ಗಂಡ ಜವರಯ್ಯನನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಒಂದು ಸಲ ಮಲ್ಲಾಜಮ್ಮ ಜ್ವರದಲ್ಲಿ ಮಲಗಿದ್ದಾಗ ಜವರಯ್ಯ ಉಣ್ಣಿಸಲು ಹೋಗಿ, ತುತ್ತು ಗಂಟಲಿಗೆ ಸಿಕ್ಕಿ, ಪುಟ್ಟಿ ಕಣ್ಣು ಮೇಲೆ ಮಾಡಿದ್ದಳು. ಅವತ್ತಿನಿಂದ ಮಲ್ಲಾಜಮ್ಮನ ಎದೆಯಲ್ಲಿ ಒಂದು ಮುಳ್ಳು ಕೂತಿತು. ತಾನು ಸತ್ತರೆ ಈ ಮಗುವಿಗೆ ಯಾರು ಉಣ್ಣಿಸುತ್ತಾರೆ? ಈ ಮಾತನ್ನು ಆ ಜೋರು ಬಾಯಿ ಯಾರೆದುರೂ ಆಡಲಿಲ್ಲ.

ಪುಟ್ಟಿಗೆ ಹನ್ನೆರಡು ತುಂಬಿದ ವರ್ಷ, ತೊಂಬತ್ತೇಳರಲ್ಲಿ, ಕೆ.ಆರ್. ನಗರದಲ್ಲಿ ಹಲ್ಲಿನ ಕ್ಯಾಂಪು ನಡೆಯಿತು. ಅಲ್ಲಿಗೆ ಬಂದಿದ್ದ ಮೈಸೂರಿನ ಡಾಕ್ಟರು ನೀಲಕಂಠಸ್ವಾಮಿ ಪುಟ್ಟಿಯ ಕಿವಿಯ ಮುಂದೆ ಎರಡು ಬೆರಳಿಟ್ಟು ನೋಡಿದವರೇ ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಇಂಥ ದವಡೆಗಳ ಮೇಲೆಯೇ ಅವರ ಸಂಶೋಧನೆ. ಕೂಡಿಕೊಂಡ ಮೂಳೆಯನ್ನು ಕೆತ್ತಿ ತೆಗೆದು, ಕಪಾಲದ ಪಕ್ಕದ ಮಾಂಸದ ಒಂದು ತುಂಡನ್ನೇ ಮಡಚಿ ನಡುವೆ ಇಟ್ಟರೆ ಕೀಲು ಮತ್ತೆ ಕೂಡುವುದಿಲ್ಲವೇ ಎಂದು ಅವರು ವರ್ಷಗಳಿಂದ ನೋಡುತ್ತಿದ್ದರು. ಮೈಸೂರಿನಲ್ಲಿ ಆಪರೇಷನ್ ಆಯಿತು. ಬಾಯಿಯೇ ತೆರೆಯದವಳಿಗೆ ಮೂಗಿನಿಂದ ಕೊಳವೆ ಇಳಿಸಿ ಮತ್ತು ಬರಿಸಿದರಂತೆ. ಬ್ಯಾಂಡೇಜು ಬಿಚ್ಚಿದ ದಿನ ಪುಟ್ಟಿ ಆಕಳಿಸಿದಳು. ಬರೀ ಒಂದು ಆಕಳಿಕೆ. ಮಗಳ ನಾಲಿಗೆಯನ್ನು ಅಷ್ಟು ವರ್ಷದ ಮೇಲೆ ಕಂಡ ಮಲ್ಲಾಜಮ್ಮ ವಾರ್ಡಿನ ನಡುವೆ ನಿಂತು ಗೊಳೋ ಎಂದು ಅತ್ತಳು.

ಮನೆಗೆ ಕಳಿಸುವಾಗ ಡಾಕ್ಟರು ಐಸ್‌ಕ್ಯಾಂಡಿ ಕಡ್ಡಿಗಳ ಒಂದು ಕಟ್ಟು ಕೊಟ್ಟರು. "ನೋಡೀಮ್ಮಾ, ಇವನ್ನ ಒಂದರ ಮೇಲೊಂದು ಹಲ್ಲಿನ ಮಧ್ಯೆ ಇಟ್ಟು ದಿನಾ ಬಾಯಿ ಅಗಲಿಸಬೇಕು. ನೋವಾಗುತ್ತೆ, ಅಳ್ತಾಳೆ, ಬಿಡಬಾರದು. ದವಡೆ ಸುಮ್ಮನೆ ಕೂತ್ರೆ ಮತ್ತೆ ಬೆಸೆದುಕೊಳ್ಳುತ್ತೆ. ಅರೆದು ಹಾಕೋದು ಸಾಕು, ಮನೇಲಿ ನೀವೇನು ತಿಂತೀರೋ ಅದನ್ನೇ ಕೊಡಿ."

ಮನೆಯಲ್ಲಿ ತಿನ್ನುವುದೇನು? ಮುದ್ದೆ! ಪುಟ್ಟಿ ಮೊದಲ ಸಲ ಮುದ್ದೆ ಮುರಿದು, ಉಪ್ಪುಸಾರಿಗೆ ಅದ್ದಿ, ಗುಳಕ್ಕನೆ ಇಳಿಸಿದಾಗ ಬೀದಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಕಡ್ಡಿ ಇಟ್ಟರೆ ಮಾತ್ರ ಹುಡುಗಿ ಹಸು ಕೂಗಿದ ಹಾಗೆ ಕೂಗುತ್ತಿದ್ದಳು. ಮಲ್ಲಾಜಮ್ಮ ನೋಡಲಾರದೆ ಕಡ್ಡಿ ಕಿತ್ತು ಈಚೆಗಿಡುತ್ತಿದ್ದಳು. ಒಂದು ದಿನ ಬಿಟ್ಟಳು, ಎರಡು ದಿನ ಬಿಟ್ಟಳು, ಆಮೇಲೆ ಕಟ್ಟನ್ನೇ ಸೂರಿಗೆ ಸಿಕ್ಕಿಸಿದಳು. "ಮೂರೊತ್ತೂ ಮುದ್ದೆ ಉಣ್ತಾವ್ಳೆ, ಇನ್ಯಾಕೆ ಅದ್ನ ಗೋಳುಯ್ಕಬೇಕು, ಬುಡಿ ಅತ್ಲಾಗೆ," ಎಂದು ಜವರಯ್ಯನ ಬಾಯಿಯನ್ನೂ ಮುಚ್ಚಿಸಿದಳು.

ಮುಂದಿನ ತಪಾಸಣೆಯಲ್ಲಿ ಡಾಕ್ಟರ ಮುಖ ಕಪ್ಪಿಟ್ಟಿತು. ಎರಡೂವರೆ ಬೆರಳು ಹೋಗುತ್ತಿದ್ದ ಬಾಯೊಳಗೆ ಈಗ ಒಂದು ಬೆರಳೂ ತಿಣುಕಾಡಿ ಹೋಗುತ್ತಿತ್ತು.

"ಏನ್ ತಿನ್ನಿಸ್ತಿದ್ದೀರಮ್ಮಾ?"

"ನೀವೇಳ್ದಂಗೇ ಸಾ. ನಾವುಣ್ಣಾದ್ನೇ ಕೊಟ್ಟಿವ್ನಿ. ಮುದ್ದೆ."

"ಮುದ್ದೇನ ಅಗೀತಾಳಾ?"

"ಅಯ್ಯ, ಮುದ್ದೇನ ಯಾರಾದ್ರೂ ಅಗೀತಾರಾ ಸಾ? ನುಂಗಾದು!" ಎಂದು ನಗಲು ಹೋದ ಮಲ್ಲಾಜಮ್ಮನ ನಗು ಅರ್ಧದಲ್ಲೇ ನಿಂತಿತು. ಡಾಕ್ಟರು ಹಣೆ ಹಣೆ ಚಚ್ಚಿಕೊಂಡರು. "ನಾನೂ ಹಾರನಹಳ್ಳಿಯವನೇ ಕಣಮ್ಮಾ. ಮುದ್ದೆ ನುಂಗಿಯೇ ಬೆಳೆದೋನು. ನಿಮಗೆ ಹೇಳುವಾಗ ನನಗಾದರೂ ಹೊಳೀಬಾರದಿತ್ತಾ?"

ಆಮೇಲೆ ಅವರು ನಿಧಾನವಾಗಿ ಹೇಳಿದರು. ಈ ಸಲ ಬೆಸೆದುಕೊಂಡರೆ ಎರಡನೇ ಆಪರೇಷನ್ ಮೊದಲಿನಷ್ಟು ಸುಲಭವಲ್ಲ. ಇನ್ನೂ ಮೂಳೆ ಕೆತ್ತಬೇಕು, ಮಡಚಿ ಇಡಲು ಆ ಪಕ್ಕದ ಮಾಂಸ ಉಳಿದಿರುವುದಿಲ್ಲ, ತೆರೆಯುತ್ತದೆ ಅನ್ನುವ ಭರವಸೆಯನ್ನೂ ಕೊಡಲಾಗದು. ಉಳಿದಿರುವ ದಾರಿ ಕಡ್ಡಿ ಒಂದೇ. ಮಲ್ಲಾಜಮ್ಮ ಸೆರಗಿನ ತುದಿ ಹಿಂಡಿದಳು. "ಅದು ಅತ್ರೆ ನನ್ ಕೈ ಏಳಾಕಿಲ್ಲ ಸಾ. ಬೇಕಾದ್ರೆ ಇನ್ನು ಮ್ಯಾಲೂ ಅರ್ದೇ ಆಕ್ತೀನಿ."

ಡಾಕ್ಟರು ಬಯ್ಯಲಿಲ್ಲ. ಎದ್ದು, ಪಕ್ಕದ ಕೋಣೆಗೆ ಕರೆದುಕೊಂಡು ಹೋದರು. ಅಲ್ಲಿ ಅವರ ತಂಗಿ ಸುಧಾ ಕೂತಿದ್ದಳು. ಕಾರವಾರದ ಕಡೆ, ಸಮುದ್ರದ ನಡುವಿನ ಒಂದು ಸಣ್ಣ ದ್ವೀಪದಲ್ಲಿ ಹಳೇ ಕಾಲದವರ ನೆಲೆ ಅಗೆದು ಶೋಧಿಸುವ ಕೆಲಸ ಅವಳದು. ಅಲ್ಲಿ ಸಿಕ್ಕಿದ ಒಂದು ತಲೆಬುರುಡೆಯನ್ನು ಅಣ್ಣ ನೋಡಲಿ ಎಂದು ಹತ್ತಿ ಸುತ್ತಿ ತಂದಿದ್ದಳು. ಜವರಯ್ಯ ಬುರುಡೆ ಕಂಡವನೇ, ಮೈಲಿಗೆ ಎಂದು ಪುಟ್ಟಿಯ ಕೈ ಹಿಡಿದು ಹೊಸಲಿನಾಚೆಯೇ ನಿಂತ.

"ಸಮುದ್ರ ಅಂದ್ರೆ ನಮ್ ಕಟ್ಟೆ ಮ್ಯಾಗಡೆ ನೀರು ನಿಂತಿರ್ತದಲ್ಲ, ಅಷ್ಟಾ?" ಎಂದಳು ಮಲ್ಲಾಜಮ್ಮ.

"ಅದಕ್ಕೆ ಆಚೆ ದಡಾನೇ ಕಾಣಲ್ಲಮ್ಮ," ಎಂದಳು ಸುಧಾ. "ಅಂಥ ನೀರಿನ ಮಧ್ಯೆ ಎರಡು ಸಾವಿರ ವರ್ಷದ ಹಿಂದೆ ನಾಲ್ಕಾರು ಮನೆ. ಅದರಲ್ಲಿ ಇವಳೊಬ್ಬಳು. ಮುಟ್ಟಿ ನೋಡಿ, ಪರವಾಗಿಲ್ಲ."

ಮಲ್ಲಾಜಮ್ಮ ಒಂದು ಗಳಿಗೆ ಹಿಂದೆಮುಂದೆ ನೋಡಿದಳು. ಆಮೇಲೆ ಬೆರಳು ಚಾಚಿ, ದಿನಾ ಮಗಳ ಮುಖದಲ್ಲಿ ಸವರುತ್ತಿದ್ದ ಜಾಗವನ್ನೇ, ಕಿವಿ ಇರಬೇಕಾದ ಕಡೆಯ ಮುಂದೆ, ಮುಟ್ಟಿದಳು. ಕೀಲಿರಬೇಕಾದಲ್ಲಿ ಸಂದಿಯೇ ಇಲ್ಲ. ಮೇಲಿನದೂ ಕೆಳಗಿನದೂ ಒಂದೇ ಮೂಳೆ. ಕೆಳಗಿನ ದವಡೆ ಚಿಕ್ಕದು, ಗದ್ದ ಒಳಕ್ಕೆ ಹೋಗಿದೆ. ಥೇಟ್ ಪುಟ್ಟಿ.

"ಚಿಕ್ಕ ಮಗುವಾಗಿದ್ದಾಗಲೇ ಕೂಡಿಕೊಂಡಿದೆ, ಅದಕ್ಕೇ ದವಡೆ ಬೆಳೆದಿಲ್ಲ," ಎಂದರು ಡಾಕ್ಟರು. "ಹಲ್ಲು ನೋಡಿ. ಅಲ್ಲಿನ ಮಿಕ್ಕವರ ಹಲ್ಲೆಲ್ಲ ಮರಳು ಬೆರೆತ ಊಟ ಅಗಿದು ಸವೆದುಹೋಗಿವೆ. ಇವಳದು ಹೊಸದರ ಹಾಗಿದೆ. ಜೀವಮಾನದಲ್ಲಿ ಒಂದು ತುತ್ತೂ ಅಗಿದಿಲ್ಲ."

"ಎಷ್ಟು ವರ್ಸ ಬದುಕಿದ್ಲು?"

"ನಲವತ್ತು ದಾಟಿತ್ತು," ಎಂದಳು ಸುಧಾ. "ಅವಳ ತಲೆ ಪಕ್ಕದಲ್ಲಿ ಒಂದು ಅರೆಯೋ ಕಲ್ಲು ಇಟ್ಟು ಮಣ್ಣು ಮಾಡಿದ್ರು. ಯಾಕೆ ಅಂತ ಖಂಡಿತವಾಗಿ ಹೇಳೋಕೆ ನನಗಾಗಲ್ಲ. ಬೇರೆ ಯಾರ ಹತ್ರನೂ ಇರಲಿಲ್ಲ."

ಮಲ್ಲಾಜಮ್ಮ ಆ ಬುರುಡೆಯ ಎದುರು ಹಾಗೇ ನೆಲಕ್ಕೆ ಕುಕ್ಕರಿಸಿದಳು. ಎರಡು ಸಾವಿರ ವರ್ಷ! ಲೆಕ್ಕಕ್ಕೆ ಸಿಗದ ಕಾಲ. ಕಣ್ಣಿಗೆ ಕಾಣದ ನೀರು. ಅಲ್ಲೊಬ್ಬಳು ಕೂತು ಮೀನನ್ನೋ ಕಾಳನ್ನೋ ನುಣ್ಣಗೆ ಅರೆದಿದ್ದಾಳೆ, ಬೆರಳಲ್ಲಿ ತೆಗೆದು ಮಗಳ ಕೆನ್ನೆಗೆ ಸವರಿದ್ದಾಳೆ. ಲೋಕದಲ್ಲಿ ಈ ಪಾಡು ತನಗೊಬ್ಬಳಿಗೇ ಅಂದುಕೊಂಡಿದ್ದ ಹೆಂಗಸಿಗೆ ಎದೆ ತುಂಬಿ ಬಂದು ಕೈ ತಾನೇ ಮುಗಿದುಕೊಂಡಿತು.

ಆಮೇಲೆ ಅವಳಿಗೆ ಇನ್ನೊಂದು ಹೊಳೆಯಿತು. "ನಲ್ವತ್ತು ವರ್ಸ ಅಂದ್ರೆ, ಅವ್ರವ್ವ ಅಷ್ಟು ದಿನ ಇದ್ದಿರಾಕಿಲ್ಲ ಅಲ್ವಾ?"

"ಇದ್ದಿರೋದು ಕಷ್ಟ. ಆ ಕಾಲದಲ್ಲಿ ಜನ ಬೇಗ ಹೋಗ್ತಿದ್ರು," ಎಂದಳು ಸುಧಾ.

"ಮತ್ತೆ ಅವ್ಳು ಸತ್ ಮ್ಯಾಕೆ ಉಣ್ಣಿಸ್ದೋರ್ಯಾರು?"

"ಯಾರೋ ಇದ್ದರು. ಇಲ್ಲದಿದ್ರೆ ಇವಳು ಉಳೀತಿರಲಿಲ್ಲ."

ಯಾರೋ ಇದ್ದರು! ಆ ದ್ವೀಪದವರು ದೇವರಂಥ ಜನವೇ ಇರಬೇಕು. ಇಲ್ಲಿ ಅಂಥವರು ಯಾರು ಬರುತ್ತಾರೆ? ಗಂಡನಿಗೇ ಒಂದು ತುತ್ತು ಉಣ್ಣಿಸಲು ಬಿಡದೆ ಬಂದವಳು ತಾನು. ಎದೆಯ ಮುಳ್ಳು ಈಗ ನೆಟ್ಟಗೆ ಚುಚ್ಚಿತು. ಅವಳು ಸೆರಗಿನಿಂದ ಕಣ್ಣೊರೆಸಿ ಎದ್ದಳು. "ಆ ತಾಯಿಗೆ ನಿಮ್ಮಂಥೋರು ಸಿಕ್ನಿಲ್ಲ ಸಾ. ಸಿಕ್ಕಿದ್ರೆ ಅವ್ಳು ಕಲ್ಲು ಬಿಸಾಕಿ ಕಡ್ಡಿ ಇಡ್ಕತಿದ್ಲು. ಇನ್ನೊಂದು ಕಟ್ಟು ಕೊಡಿ."

ಅಂದಿನಿಂದ ಆ ಮನೆಯಲ್ಲಿ ಪುಟ್ಟಿಗೆ ಮುದ್ದೆ ಬಂದ್. ಬಿಸಿ ರೊಟ್ಟಿ, ಹುರಿಗಡಲೆ, ಸಣ್ಣಗೆ ಸೀಳಿದ ಕಬ್ಬು. ಕಣ್ಣೆದುರೇ ಅಪ್ಪ ಮುದ್ದೆ ನುಂಗುವಾಗ ಪುಟ್ಟಿ ಒಂದೊಂದು ಕಡಲೆಗೂ ಕಣ್ಣೀರು ಹಾಕುತ್ತ ಅಗಿಯಬೇಕು. ಬೆಳಿಗ್ಗೆ ಸಂಜೆ ಕಡ್ಡಿ. "ನೀನು ನನ್ನವ್ವ ಅಲ್ಲ," ಎಂದು ಹುಡುಗಿ ಕಿರುಚಿದಳು. "ಇಲ್ದಿದ್ರೆ ಬುಡು, ಬಾಯ್ ತಗಿ," ಎಂದಳು ಮಲ್ಲಾಜಮ್ಮ. ಬೀದಿಯವರು ರಾಕ್ಷಸಿ ಅಂದರು. ಅವಳು ಹಿತ್ತಿಲ ಮೂಲೆಯಲ್ಲಿ ಕೂತು ಬಾಯಿಗೆ ಸೆರಗು ತುರುಕಿಕೊಂಡು ಅತ್ತು, ಮುಖ ತೊಳೆದು ಬಂದು, ಮತ್ತೊಂದು ಕಡ್ಡಿ ಸೇರಿಸುತ್ತಿದ್ದಳು. ಒಂದು ವಾರ ಏನೂ ಜಗ್ಗಲಿಲ್ಲ. ಆಮೇಲೆ ಕಡ್ಡಿ ಒಂದೊಂದಾಗಿ ಹೆಚ್ಚಿದವು.

ಒಂದು ಮಧ್ಯಾಹ್ನ ಪುಟ್ಟಿಗೆ ರೇಗಿಹೋಯಿತು. ಕಡ್ಡಿಗಳನ್ನು ನಾಲಿಗೆಯಿಂದ ಥೂ ಎಂದು ತಳ್ಳಿಬಿಟ್ಟಳು. ಮಲ್ಲಾಜಮ್ಮ ಬಾಯಿ ಮುಚ್ಚದಂತೆ ತಡೆಯಲು ತನ್ನ ಬೆರಳನ್ನೇ ಅಡ್ಡ ಹಾಕಿದಳು. ಹುಡುಗಿ ಕಚಕ್ಕೆಂದು ಕಚ್ಚಿದಳು.

ದವಡೆ ಹಲ್ಲೇ ಇಳಿದಿತ್ತು. ರಕ್ತ ಮೊಳಕೈವರೆಗೂ ಹರಿಯಿತು. ಜವರಯ್ಯ ಹೋ ಎಂದು ಓಡಿಬಂದ. ಪುಟ್ಟಿ ಹೆದರಿ ಬಾಯಿ ಬಿಡಲು ನೋಡಿದಳು. ಮಲ್ಲಾಜಮ್ಮ ಮಾತ್ರ ಬೆರಳು ಎಳೆದುಕೊಳ್ಳಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗಳ ಹಲ್ಲಿಗೆ ಇಷ್ಟು ಕಸುವಿದೆಯಾ! ಅವಳು ಅಳುತ್ತಲೂ ನಗುತ್ತಲೂ ಕೂಗಿದಳು: "ಬುಡಬ್ಯಾಡ ಕಣಮ್ಮಿ! ಕಚ್ಚು! ಇನ್ನೂ ಜೋರಾಗಿ ಕಚ್ಚು!"

ಮೈಸೂರಿಗೆ ಹೋದಾಗ ಡಾಕ್ಟರು ಅಳತೆ ನೋಡಲು ಪುಟ್ಟಿಯ ಕಡೆ ಬಾಗಿದರು. ಮಲ್ಲಾಜಮ್ಮ ನಡುವೆ ನುಗ್ಗಿ, ಗಾಯಕ್ಕೆ ಸುತ್ತಿದ್ದ ಬಟ್ಟೆ ಬಿಚ್ಚಿ ತನ್ನ ಬೆರಳನ್ನು ಅವರ ಮುಖದ ಮುಂದೆ ಹಿಡಿದಳು.

"ಇಲ್ಲಿ ನೋಡಿ ಸಾ," ಎಂದಳು. "ನನ್ ಮಗ್ಳು ಕಚ್ಚವ್ಳೆ."