ಬಂದವರಿಗೆ ಮೊದಲ ಆಟ

ಮದುವೆಯಾದ ಹೊಸತರಲ್ಲಿ ಅತ್ತಿಗೆ, ಅಂದರೆ ನಮ್ಮವರ ಅಕ್ಕ, ನಮ್ಮಿಬ್ಬರನ್ನೂ ನಿಲ್ಕುಂದದ ತಮ್ಮ ಮನೆಗೆ ಊಟಕ್ಕೆ ಕರೆದಿದ್ದರು. ಊಟವಾದ ಮೇಲೆ ಚೆನ್ನೆಮಣೆ ತಂದು ನನ್ನೆದುರಿಗೆ ಇಟ್ಟರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಹುಣಸೆ ಬೀಜ. ಒಂದು ಗುಳಿಯ ಬೀಜವನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತ ಹೋಗುವುದು. ಕೊನೆಗೆ ಯಾರ ಹತ್ತಿರ ಹೆಚ್ಚು ಬೀಜವೋ ಅವರು ಗೆದ್ದಂತೆ.

"ಕಾನ್ವೆಂಟಿನ ಕೂಸಿಗೆ ಇದೆಲ್ಲ ಬತ್ತನೆ?" ಎಂದರು ಅತ್ತಿಗೆ.

ನಾನು ಯಲ್ಲಾಪುರದವಳಾದರೂ ಓದಿದ್ದು ಘಟ್ಟದಾಚೆಯ ಬೋರ್ಡಿಂಗಿನಲ್ಲಿ. ಆಟ ಕಲಿತದ್ದು ರಜೆಗೆ ಬಂದಾಗ, ಅಷ್ಟಿಷ್ಟು. ಆದರೂ ಆವತ್ತು ಗೆದ್ದುಬಿಟ್ಟೆ! ಇದು ಲಕ್ ಅಲ್ಲ, ಪ್ಯೂರ್ ಬ್ರೈನ್ ಅಂತ ವಾಪಸು ಬರುವ ದಾರಿಯುದ್ದಕ್ಕೂ ಇವರ ತಲೆ ತಿಂದಿದ್ದೆ. ಆಮೇಲೆ ಅಷ್ಟು ವರ್ಷದಲ್ಲಿ ಅತ್ತಿಗೆಯನ್ನು ಒಮ್ಮೆಯೂ ಸೋಲಿಸಲಾಗಲಿಲ್ಲ. ಆ ಒಂದು ಗೆಲುವನ್ನು ಮೆಡಲ್ ಹಾಗೆ ಮನಸ್ಸಿನಲ್ಲಿ ತೂಗುಹಾಕಿಕೊಂಡಿದ್ದೆ.

ನಾನು ಕಂಪ್ಯೂಟರ್ ಗೇಮ್ ಮಾಡಲು ಹೊರಟದ್ದು ಎರಡನೇ ಮೆಡಲಿನ ಆಸೆಗೆ. ತೊಂಬತ್ತರ ದಶಕದಲ್ಲಿ ಶಿರಸಿಯ ಒಂದು ಟೈಪಿಂಗ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ಅಲ್ಲಿಗೆ ಕಂಪ್ಯೂಟರ್ ಬಂತು. ಅದಕ್ಕೆ ಬೇರೆ ಕೋಣೆ, ಕಿಟಕಿಗೆ ಪರದೆ, ಚಪ್ಪಲಿ ಹೊರಗೆ. ಕಲಿಸಬೇಕಾದವಳು ನಾನೇ ಆದ್ದರಿಂದ ಮೊದಲು ಕಲಿಯಬೇಕಾದವಳೂ ನಾನೇ. ಪುಸ್ತಕ ಇಟ್ಟುಕೊಂಡು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆ ಕಲಿತೆ. ಇದಕ್ಕೆ ಚೆನ್ನೆಮಣೆ ಹೇಳಿಕೊಟ್ಟರೆ ದಿನಾ ಪ್ರಾಕ್ಟೀಸ್ ಮಾಡಬಹುದಲ್ಲ, ಅತ್ತಿಗೆಯನ್ನು ಒಂದು ಕೈ ನೋಡಿಕೊಳ್ಳಬಹುದಲ್ಲ ಅನ್ನಿಸಿತು. ಗುಳಿಗೆ ಇಂಗ್ಲಿಷಿನ ಓ ಅಕ್ಷರ, ಅದರ ಕೆಳಗೆ ಬೀಜದ ಸಂಖ್ಯೆ. ಸಂಖ್ಯೆಗಳು ಸರಕ್ಕನೆ ಬದಲಾಗಿ ಕಣ್ಣಿಗೆ ಸಿಗುತ್ತಿರಲಿಲ್ಲ. ಕಂಪ್ಯೂಟರಿಗೆ ಸುಮ್ಮನೆ ಕೂತಿರಲು ಬರುವುದಿಲ್ಲ ನೋಡಿ. ಒಂದರಿಂದ ಎರಡು ಸಾವಿರದವರೆಗೆ ಎಣಿಸಿಕೊಂಡು ಬಾ ಅಂತ ಕಳಿಸಿದರೆ ಅಷ್ಟು ಹೊತ್ತು ತಡೆಯುತ್ತಿತ್ತು.

ಅತ್ತಿಗೆ ಶಿರಸಿಗೆ ಬಂದಾಗ ಆಡಿ ತೋರಿಸಿದೆ. ಸೆರಗು ಹೊದ್ದು, ಕೈಕಟ್ಟಿ ನಿಂತು ನೋಡಿದರು.

"ಸಪ್ಪಳವೇ ಇಲ್ಲೆ. ಬೀಜ ಬಿದ್ದಿದ್ದು ಕಿವಿಗೆ ಗೊತ್ತಾಗಕ್ಕಲೇ."

"ಅತ್ತಿಗೆ, ಇದು ಕಂಪ್ಯೂಟರ್. ಲಾಜಿಕ್ ನೋಡಿ."

"ಲಾಜಿಕ್ಕು ನೀನೇ ಇಟ್ಗ. ನಂಗೆ ಬೀಜ ಸಾಕು."

ಸಿಟ್ಟು ಬಂದಿತ್ತು. ಆದರೆ ಈಗ ಯೋಚಿಸಿದರೆ, ನನಗೆ ಸಿಕ್ಕ ಮೊದಲ ಫೀಡ್‌ಬ್ಯಾಕ್ ಅದು, ಅದರಲ್ಲಿ ಒಂದು ಮಾತೂ ತಪ್ಪಿರಲಿಲ್ಲ.

ಕೆಲವು ವರ್ಷ ಕಳೆದು ಇಸಳೂರಿನ ನಮ್ಮ ಮನೆಗೂ ಒಂದು ಕಂಪ್ಯೂಟರ್ ತಂದೆವು, ಹಳೆಯದು. ಮ್ಯಾಗಝೀನಿನ ಜೊತೆ ಬಂದ ಸೀಡಿಯಲ್ಲಿ ಒಂದು ಗೇಮ್ ಇಂಜಿನ್ ಇತ್ತು. ಇಂಜಿನ್ ಅಂದರೆ ಹೊಗೆ ಬಿಡುವಂಥದ್ದಲ್ಲ. ಚಿತ್ರ ತೋರಿಸುವುದು, ಸದ್ದು ಮಾಡುವುದು, ಯಾವ ಕೀ ಒತ್ತಿದರು ಅಂತ ನೋಡುವುದು, ಇವನ್ನೆಲ್ಲ ಯಾರೋ ಮೊದಲೇ ಮಾಡಿಟ್ಟಿರುತ್ತಾರೆ. ರುಬ್ಬಿಟ್ಟ ಹಿಟ್ಟು ಇದ್ದ ಹಾಗೆ. ದೋಸೆ ಹೊಯ್ಯುವುದಷ್ಟೇ ನಮ್ಮ ಕೆಲಸ. ಬೇಸಿಕ್‌ನಲ್ಲಿ ಅಕ್ಕಿ ನೆನೆಸುವುದರಿಂದ ಶುರು ಮಾಡಿದ್ದವಳಿಗೆ ಇದು ಸ್ವರ್ಗ. ಚಿತ್ರಗಳನ್ನು ಮೌಸಿನಲ್ಲಿ ಎಳೆದು ತಂದು ಕೂರಿಸಿದರಾಯಿತು. ಅತ್ತಿಗೆಯ ಮಾತು ನೆನಪಿಟ್ಟುಕೊಂಡು, ಫ್ಯಾನ್ ಆರಿಸಿ, ಮೈಕಿನ ಹತ್ತಿರ ಮಣೆ ಇಟ್ಟು ಹುಣಸೆ ಬೀಜ ಬೀಳುವ ಸದ್ದನ್ನು ರೆಕಾರ್ಡ್ ಮಾಡಿದೆ. ಪಕ್ಕದ ಮನೆಯ ಕುಕ್ಕರ್ ಸೀಟಿಯೂ ಸೇರಿಕೊಂಡು ಎಲ್ಲ ಮತ್ತೊಮ್ಮೆ ಮಾಡಬೇಕಾಯಿತು.

ಆಟ ಇನ್ನೇನು ಮುಗಿಯಿತು ಅನ್ನುವಾಗ ಅತ್ತಿಗೆಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು. ಮಾತು ಬಾಯೊಳಗೇ ಕಲಸಿಹೋಗುತ್ತಿತ್ತು. ನೋಡಲು ಹೋದರೆ ಮನೆಯವರೆಲ್ಲ ಅವರ ಎದುರಿಗೇ ಅವರ ಬಗ್ಗೆ ಮಾತಾಡುತ್ತಿದ್ದರು, ಕೋಣೆಯಲ್ಲಿ ಅವರು ಇಲ್ಲವೇನೋ ಎನ್ನುವಂತೆ. ಅತ್ತಿಗೆಯ ಸೊಸೆ ಒಳ್ಳೆಯವಳು, ಆರೈಕೆಯಲ್ಲಿ ಒಂದಿಷ್ಟೂ ಕೊರತೆಯಿಲ್ಲ. ಆದರೂ ಆಕೆ ನನ್ನ ಕೈಹಿಡಿದು, "ಅತ್ತೆಗೆ ಈಗ ಎಂತದೂ ಗೊತ್ತಾಗ್ತಿಲ್ಲೆ, ಸಣ್ಣತ್ತೆ" ಅಂದಳು. ಕೈ ಹೋದರೆ ಹೋಗಲಿ, ಬುದ್ಧಿಯೂ ಹೋಯಿತೆ? ನಂಬಲು ಮನಸ್ಸಿರಲಿಲ್ಲ. ಅಲ್ಲ ಎನ್ನಲು ಪುರಾವೆಯೂ ಇರಲಿಲ್ಲ.

ಪುರಾವೆ ಬೇಕಿದ್ದರೆ ಚೆನ್ನೆಮಣೆಗಿಂತ ಒಳ್ಳೆಯದು ಯಾವುದಿದೆ? ಮಣೆಯ ಬೀಜ ಎಡಗೈಗೆ ಬಗ್ಗುತ್ತಿರಲಿಲ್ಲ. ಹಾಗಾಗಿ ಆಟವನ್ನು ಒಂದೇ ಕೀಗೆ ಇಳಿಸಿದೆ. ಒಂದು ದೀಪ ಗುಳಿಯಿಂದ ಗುಳಿಗೆ ನಿಧಾನ ಸರಿಯುತ್ತದೆ. ಬೇಕಾದ ಗುಳಿಯ ಮೇಲೆ ಬಂದಾಗ ಸ್ಪೇಸ್ ಬಾರ್ ಒತ್ತಿದರೆ ಸಾಕು.

ಸೀಡಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ನಿಲ್ಕುಂದಕ್ಕೆ ಹೋದೆ. ಅಲ್ಲಿ ಅವರ ಮಗ ಹೊಸ ಕಂಪ್ಯೂಟರ್ ತಂದಿದ್ದ. ಆಟ ಹಾಕಿದೆ. ದೀಪ ಹುಚ್ಚು ಹಿಡಿದವರ ಹಾಗೆ ಓಡತೊಡಗಿತು! ಅತ್ತಿಗೆ ಎಡಗೈ ಎತ್ತುವಷ್ಟರಲ್ಲಿ ನಾಲ್ಕು ಗುಳಿ ದಾಟಿರುತ್ತಿತ್ತು. ಮೂರು ಸಲ ಕೈ ಎತ್ತಿದರು, ನಾಲ್ಕನೇ ಸಲ ಎತ್ತಲಿಲ್ಲ. ಆಟ ಶುರುವಾಗಲೇ ಇಲ್ಲ.

"ಬಿಡಿ ಸಣ್ಣತ್ತೆ, ಸುಮ್ನೆ ಸುಸ್ತು ಮಾಡದು ಬ್ಯಾಡ."

ಬಸ್ಸು ಶಿರಸಿ ಮುಟ್ಟುವಾಗ ತಲೆಗೆ ಹೊಳೆಯಿತು: ದೀಪ ಕಾಯುತ್ತಿದ್ದುದು ಸೆಕೆಂಡನ್ನಲ್ಲ, ಕಂಪ್ಯೂಟರ್ ಪರದೆಯ ಚಿತ್ರ ಎಷ್ಟು ಸಲ ಬದಲಾಯಿತು ಅನ್ನುವುದನ್ನು. ನನ್ನ ಮುದಿ ಮೆಶಿನ್ನಿನಲ್ಲಿ ಅದು ನಿಧಾನ, ಹೊಸದರಲ್ಲಿ ಓಟ. ತಪ್ಪು ನನ್ನದು, ಬೇಸಿಕ್ ಕಾಲದ ಅದೇ ಎಣಿಸಿಕೊಂಡು ಬಾ ಅನ್ನುವ ಅಭ್ಯಾಸ. ಹಾಗಾದರೆ ಅತ್ತಿಗೆ ಇನ್ನೂ ಸೋತಿಲ್ಲ! ಪಕ್ಕದವರು ತಿರುಗಿ ನೋಡುವಷ್ಟು ಜೋರಾಗಿ "ಥ್ಯಾಂಕ್ ಗಾಡ್" ಅಂದಿದ್ದೆ.

ಅದೇ ಇಂಜಿನ್ನಿನಲ್ಲಿ ಸರಿಮಾಡಲು ನೋಡಿದೆ, ಒಂದು ತಿದ್ದಿದರೆ ಇನ್ನೊಂದು ಕೆಡುತ್ತಿತ್ತು. ಇನ್ನೊಂದು ಇಂಜಿನ್ ಹುಡುಕಿದೆ. ಶಿರಸಿಯ ಸೈಬರ್ ಕೆಫೆಯಲ್ಲಿ ಅದು ಡೌನ್‌ಲೋಡ್ ಆಗಲು ನಾಲ್ಕು ದಿನ ಹಿಡಿಯಿತು. ಎಳೆದು ಕೂರಿಸುವ ಸುಖ ಅದರಲ್ಲಿರಲಿಲ್ಲ, ಎಲ್ಲವನ್ನೂ ಬರೆಯಬೇಕು. ಆದರೆ ಅದು ಗಡಿಯಾರ ನೋಡಿ ನಡೆಯುತ್ತಿತ್ತು. ಆ ಇಂಜಿನ್ ಬರೆದವರು ಯಾರೋ, ಯಾವ ದೇಶದವರೋ! ಅವರ ಫೋರಮ್ಮಿನಲ್ಲಿ, ಅಂದರೆ ಇಂಟರ್ನೆಟ್ಟಿನ ಚರ್ಚಾಕಟ್ಟೆಯಲ್ಲಿ, ಪ್ರಶ್ನೆ ಕೇಳಿದರೆ ಬೆಳಗಾಗುವುದರೊಳಗೆ ಉತ್ತರ ಇರುತ್ತಿತ್ತು. ಕಂಪನಿಯಿಲ್ಲದೆ ಒಬ್ಬೊಬ್ಬರೇ ಗೇಮ್ ಮಾಡುವ ನನ್ನಂಥವರನ್ನು 'ಇಂಡೀ' ಅನ್ನುತ್ತಾರೆ ಅಂತ ಗೊತ್ತಾದದ್ದೂ ಅಲ್ಲೇ.

ಎರಡು ತಿಂಗಳ ಮೇಲೆ ಮತ್ತೆ ನಿಲ್ಕುಂದ. ದೀಪ ಈಗ ಸಾವಕಾಶ ನಡೆಯಿತು. ಅತ್ತಿಗೆ ಒತ್ತಿದರು. ಟಕ್, ಟಕ್, ಟಕ್, ಬೀಜ ಬಿದ್ದವು. ಅವರ ಕತ್ತು ಸದ್ದಿನ ಕಡೆ ವಾಲಿತು. ಆದರೆ ಅವರು ಒತ್ತಿದ್ದೆಲ್ಲ ತಪ್ಪು ಗುಳಿ. ಎಳೆಮಕ್ಕಳೂ ಬಿಡದ ಬೀಜವನ್ನು ಬಿಟ್ಟರು. ಕಂಪ್ಯೂಟರ್ ಬಾಚಿಕೊಂಡು ಹೋಯಿತು. ಈ ಸಲ ದೂರಲು ಮೆಶಿನ್ನೂ ಇಲ್ಲ. ಸೊಸೆ ನನ್ನ ಮುಖ ನೋಡಿ ಚಾ ಮಾಡಲೆಂದು ಒಳಗೆ ಹೋದಳು. ನಾನು ಆರಿಸಲು ಕೈ ಚಾಚಿದೆ.

ಅತ್ತಿಗೆಯ ಎಡಗೈ ನನ್ನ ಮಣಿಕಟ್ಟನ್ನು ಹಿಡಿಯಿತು. ಇನ್ನೊಂದಾಟ ಎಂಬಂತೆ ಗಲ್ಲದಿಂದಲೇ ಪರದೆ ತೋರಿಸಿದರು.

ಎರಡನೇ ಆಟ ನಾನೇನು ಹೇಳಲಿ! ಮೊದಲ ಕೈಯಿಂದಲೇ ಹಳೆಯ ಅತ್ತಿಗೆ. ದೀಪ ಬರುವುದನ್ನೇ ಕಾದು ಕೂತು, ಬಂದೊಡನೆ ಟಪ್. ನಾನು ಅಷ್ಟು ಕಷ್ಟಪಟ್ಟು ಬುದ್ಧಿ ಕಲಿಸಿದ ಕಂಪ್ಯೂಟರಿನ ಸಾಲನ್ನು ಪೂರ್ತಿ ಬರಿದು ಮಾಡಿಟ್ಟರು. ಸೊಸೆ ಚಾ ಹಿಡಿದು ಬಾಗಿಲಲ್ಲೇ ನಿಂತಿದ್ದಳು.

"ಮತ್ತೆ ಮೊದಲ ಆಟ ಯಾಕೆ ಹಾಗೆ, ಅತ್ತಿಗೆ?"

ಬಾಯಿಯ ಒಂದು ಬದಿ ಮಾತ್ರ ನಕ್ಕಿತು. ಒಂದೊಂದೇ ಶಬ್ದವನ್ನು ಹುಡುಕಿ ಹುಡುಕಿ ಹೊರಗೆ ಹಾಕಿದರು. "ಮನೆಗೆ... ಬಂದವಕ್ಕೆ... ಮೊದ್ಲಾಟ... ಬಿಟ್ಕೊಡಕ್ಕಲೇ."

ಬಿಟ್ಟುಕೊಡಬೇಕಂತೆ! ಕಂಪ್ಯೂಟರಿನ ಕಡೆ ಬೆರಳು ಮಾಡಿದರು. ಆಮೇಲೆ ಅದೇ ಬೆರಳು ನಿಧಾನವಾಗಿ ನನ್ನ ಕಡೆ ತಿರುಗಿತು. ಮದುವೆಯ ಹೊಸತು, ಊಟ, ಚೆನ್ನೆಮಣೆ... ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಓ ಮೈ ಗಾಡ್, ನನ್ನ ಮೆಡಲ್! ನಾನು ನಕ್ಕೆನೋ ಅತ್ತೆನೋ, ಅಂತೂ ಸೊಸೆ ಚಾದ ಲೋಟ ಕೆಳಗಿಟ್ಟು ಅತ್ತೆಯ ಕಾಲಬುಡದಲ್ಲಿ ಕೂತಳು. "ಅತ್ತೆ, ರಾತ್ರಿಗೆ ಎಂತ ಅಡಿಗೆ ಮಾಡ್ಲಿ?" ಎಂದು ಕೇಳಿದಳು, ಉತ್ತರಕ್ಕಾಗಿ ಕಾದಳು.

ಇಸಳೂರಿಗೆ ಬಂದು ಆಟದ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದೆ. ಹೊಸಬರು ಮೊದಲ ಸಲ ಆಡಲು ಕೂತರೆ ಕಂಪ್ಯೂಟರ್ ಸೋಲಬೇಕು, ಅದೂ ಅವರಿಗೆ ಸಂಶಯ ಬಾರದ ಹಾಗೆ. ಗೆಲ್ಲುವುದನ್ನು ಕಲಿಸುವುದಕ್ಕಿಂತ ಇದು ಕಷ್ಟವಿತ್ತು. ಆಮೇಲೆ ಫೋರಮ್ಮಿನಲ್ಲಿ ಎಲ್ಲರಿಗೂ ಸಿಗುವ ಹಾಗೆ ಹಾಕಿದೆ.

ಯಾರೋ ಒಬ್ಬರು ತುಂಬ ಪೊಲೈಟ್ ಆಗಿ ಬರೆದಿದ್ದರು: ಮೇಡಂ, ಗೇಮ್ ಚೆನ್ನಾಗಿದೆ, ಆದರೆ ಒಂದು ಬಗ್ ಇದೆ, ಮೊದಲ ಆಟದಲ್ಲಿ ಕಂಪ್ಯೂಟರ್ ಬಹಳ ಕೆಟ್ಟದಾಗಿ ಆಡುತ್ತದೆ.

ನಾನು ಉತ್ತರ ಬರೆದೆ: ಅದು ಬಗ್ ಅಲ್ಲ, ನೀವು ಬಂದದ್ದು ಸಂತೋಷ. ಇನ್ನೊಂದಾಟ ಆಡಿ ನೋಡಿ.